ನೋಡದೆ ಬಿಟ್ಟ ಉಚ್ಚೆ

ಜ್ವರ ಬಂದ ಕೂಸನ್ನು ಹೆಗಲಿಗೆ ಹಾಕಿಕೊಂಡು ವೇದಾವತಿ ದಂಡೆಯ ರಾರಾವಿಯಿಂದ ಸಿರುಗುಪ್ಪದ ಬಸ್ಸು ಹತ್ತುವ ತಾಯಿ ಅಷ್ಟು ಹೊತ್ತಿಗೆ ಮೂರು ದಿನ ಕಳೆದಿರುತ್ತಾಳೆ. ಮೊದಲ ದಿನ "ಹಲ್ಲು ಬರಾಕತ್ಯಾವ, ಅದಕ್ಕ ಮೈ ಬೆಚ್ಚಗಾಗೇತಿ" ಎಂದು ಮನೆಯವರೇ ತೀರ್ಮಾನ ಕೊಟ್ಟಿರುತ್ತಾರೆ. ಎರಡನೆಯ ದಿನ ದೃಷ್ಟಿ ತೆಗೆದು, ಹೊಕ್ಕಳಿಗೆ ಹರಳೆಣ್ಣೆ ಹಚ್ಚಿ, ಸಂಜೆಗೆ ಮೆಡಿಕಲ್ ಶಾಪಿನಿಂದ ಒಂದು ಸಿರಪ್ ತಂದು ಕುಡಿಸಿರುತ್ತಾರೆ. ಮೂರನೆಯ ದಿನ ಊರಲ್ಲೇ ಒಂದು ಸೂಜಿ. ಅದೂ ನಾಟದಿದ್ದಾಗ ಸಿರುಗುಪ್ಪ, ಇಲ್ಲವೇ ಗಡಿಯಾಚೆಯ ಆದೋನಿ. ಅಲ್ಲಿ ಕೂಸಿನ ಕೈ ಚುಚ್ಚಿ ರಕ್ತ ತೆಗೆಯುತ್ತಾರೆ. ಮಲೇರಿಯಾ ನೋಡುತ್ತಾರೆ, ಡೆಂಗಿ ನೋಡುತ್ತಾರೆ, ಪ್ಲೇಟ್‌ಲೆಟ್ ಎಣಿಸುತ್ತಾರೆ, ಟೈಫಾಯಿಡ್ ಇದೆಯೇ ಎಂದು ವಿಡಾಲ್ ಪರೀಕ್ಷೆ ಮಾಡುತ್ತಾರೆ. "ಟೈಫಾಯಿಡ್ ಸ್ವಲ್ಪ ಐತಿ" ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯವರಿಗೆ ನೆಮ್ಮದಿ, ರೋಗಕ್ಕೊಂದು ಹೆಸರು ಸಿಕ್ಕಿತು. ಈ ಮೂರು ನಾಲ್ಕು ದಿನಗಳಲ್ಲಿ ಕೂಸು ಹತ್ತಾರು ಸಲ ಉಚ್ಚೆ ಹೊಯ್ದಿದೆ. ಅದನ್ನು ಒಬ್ಬರೂ ನೋಡಿಲ್ಲ. ಡೈಪರಿನೊಳಗೆ ಹೋಗಿದೆ, ಡೈಪರಿನ ಜೊತೆ ತಿಪ್ಪೆಗೆ ಹೋಗಿದೆ.

ಒಂದು ಮನೆಯನ್ನು ಬೆರಳಿಟ್ಟು ತೋರಿಸಲು ಇದನ್ನು ಬರೆಯುತ್ತಿಲ್ಲ. ಸಿರುಗುಪ್ಪದ ಗದ್ದೆಯ ಸೀಮೆಯಲ್ಲಿ, ಕುರುಗೋಡಿನಲ್ಲಿ, ಬಳ್ಳಾರಿ ಪಟ್ಟಣದ ಓಣಿಗಳಲ್ಲಿ, ಓದಿದವರ ಮನೆಯಲ್ಲಿ, ಓದದವರ ಮನೆಯಲ್ಲಿ ಜ್ವರದ ಕೂಸು ಹಾದುಹೋಗುವ ದಾರಿ ಹೆಚ್ಚುಕಮ್ಮಿ ಇದೇ. ಈ ದಾರಿಯ ಪ್ರತಿ ತಿರುವಿನಲ್ಲೂ ಒಬ್ಬ ದೊಡ್ಡವನು ನಿಂತಿದ್ದಾನೆ. ತಂದೆ, ಅಂಗಡಿಯವನು, ಸೂಜಿ ಹಾಕುವವನು, ಡಾಕ್ಟರು, ಲ್ಯಾಬಿನವನು. ಇವರಲ್ಲಿ ಯಾರೊಬ್ಬರೂ "ಕೂಸಿನ ಉಚ್ಚೆ ನೋಡಿದಿರಾ?" ಎಂದು ಕೇಳುವುದಿಲ್ಲ. ಕೇಳದೆ ಇರುವುದು ಅಜ್ಞಾನದಿಂದ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಚಿಕ್ಕ ಮಕ್ಕಳ ಮೂತ್ರದಲ್ಲಿ ಸೋಂಕು ಆಗುತ್ತದೆಂದು ನಮಗೆ ಗೊತ್ತಿದೆ. ಬಟ್ಟಲು ಹಿಡಿದು ಅರ್ಧ ಗಂಟೆ ಕೂರುವ ವ್ಯವಧಾನ ನಮಗೆ ಬೇಡವಾಗಿದೆ, ಅಷ್ಟೇ.

ಗೊತ್ತಿರುವುದನ್ನೇ ಮತ್ತೊಮ್ಮೆ ಹೇಳಬೇಕಾಗಿದೆ. ಏಳು ವರ್ಷ ತುಂಬುವುದರೊಳಗೆ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 8 ಮಂದಿಗೆ, ನೂರು ಗಂಡುಮಕ್ಕಳಲ್ಲಿ ಸುಮಾರು 2 ಮಂದಿಗೆ ಒಮ್ಮೆಯಾದರೂ ಮೂತ್ರನಾಳದ ಸೋಂಕು ಆಗಿರುತ್ತದೆ ಎಂದು ಸ್ವೀಡನ್ನಿನಲ್ಲಿ ಶಾಲೆಗೆ ಸೇರಿದ ಮಕ್ಕಳನ್ನು ವಿಚಾರಿಸಿ 1991ರಲ್ಲಿ ಬರೆದಿಟ್ಟರು. ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜ್ವರ ಬಂದ ನೂರು ಹಸುಗೂಸುಗಳಲ್ಲಿ ಸುಮಾರು 7ರಲ್ಲಿ ಆ ಜ್ವರ ಮೂತ್ರದಿಂದಲೇ ಹುಟ್ಟಿದ್ದು. ಹತ್ತರಲ್ಲಿ ಎಂಟು ಸಲ ಕಾರಣ ಒಂದೇ, ಕೂಸಿನ ಕರುಳಲ್ಲೇ ಇರುವ ಇ-ಕೋಲಿ ಎಂಬ ಸೂಕ್ಷ್ಮಜೀವಿ. ಹೇಲಿನ ದಾರಿಯಿಂದ ಉಚ್ಚೆಯ ದಾರಿಗೆ ಬಂದು, ಅಲ್ಲಿಂದ ಮೂತ್ರಚೀಲಕ್ಕೆ, ಚೀಲದಿಂದ ಕಿಡ್ನಿಗೆ ಅದು ಏರುತ್ತದೆ. ಐದಾರು ವರ್ಷದ ಮಗು "ಉರಿತೈತಿ" ಎಂದು ಬಾಯಿಬಿಟ್ಟು ಹೇಳೀತು. ಒಂದು ವರ್ಷದ ಕೂಸು ಏನು ಹೇಳೀತು? ಅದಕ್ಕೆ ಗೊತ್ತಿರುವುದು ಮೈ ಕಾಯುವುದು, ವಾಂತಿ ಮಾಡುವುದು, ಮೊಲೆ ಹಿಡಿಯದೆ ಇರುವುದು, ಸುಮ್ಮನೆ ಸೊರಗುವುದು. ನೆಗಡಿಯಿಲ್ಲ, ಕೆಮ್ಮಿಲ್ಲ, ಭೇದಿಯಿಲ್ಲ, ಬರಿಯ ಜ್ವರ. ಅಂಥ ಜ್ವರಕ್ಕೆ ಮೊದಲು ನೋಡಬೇಕಾದದ್ದೇ ಉಚ್ಚೆ. ಕಾರಣ ಕಾಣದೆ 38 ಡಿಗ್ರಿ ಸೆಲ್ಸಿಯಸ್ ಇಲ್ಲವೇ ಅದಕ್ಕೂ ಹೆಚ್ಚು ಜ್ವರವಿರುವ ಮಗುವಿನ ಮೂತ್ರವನ್ನು 24 ಗಂಟೆಯೊಳಗೆ ಪರೀಕ್ಷಿಸಬೇಕು ಎಂದು ಇಂಗ್ಲೆಂಡಿನ ವೈದ್ಯಕೀಯ ಮಾರ್ಗಸೂಚಿ 2007ರಲ್ಲೇ ಬರೆಯಿತು. ನಮ್ಮ ದೇಶದ ಮಕ್ಕಳ ಕಿಡ್ನಿ ತಜ್ಞರು ಅದಕ್ಕೂ ಮೊದಲೇ, 2001ರಲ್ಲಿ, ಈ ಕಾಯಿಲೆಯ ಬಗ್ಗೆ ಒಮ್ಮತದ ಮಾರ್ಗಸೂಚಿ ಹೊರಡಿಸಿದ್ದರು, 2011ರಲ್ಲಿ ಅದನ್ನು ತಿದ್ದಿ ಮತ್ತೆ ಕೊಟ್ಟರು. ಅಂದರೆ ಹೇಳುವವರು ಹೇಳುತ್ತಲೇ ಇದ್ದಾರೆ. ಕಿವಿ ಮುಚ್ಚಿಕೊಂಡವರು ನಾವು.

ಮೂರು ದಿನ ಕಾಯ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕಿಡ್ನಿಯ ಮೇಲೆ ಬರೆದಿದೆ. ಸೋಂಕು ಕಿಡ್ನಿಯ ತನಕ ಏರಿ ನಿಂತರೆ ಅಲ್ಲಿನ ಮೆತ್ತನೆಯ ಅಂಗಾಂಶ ಸತ್ತು, ಗಾಯದ ಗುರುತಾಗಿ ಗಟ್ಟಿಯಾಗಬಹುದು. ಸತ್ತ ಆ ಜಾಗ ಮತ್ತೆ ಚಿಗುರುವುದಿಲ್ಲ. ಮೊದಲ ಸಲದ ಸೋಂಕಿನ ನಂತರವೇ ನೂರರಲ್ಲಿ ಸುಮಾರು 15 ಮಕ್ಕಳ ಕಿಡ್ನಿಯಲ್ಲಿ ಇಂಥ ಗುರುತು ಉಳಿಯುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ಒಂದು ಪರಿಶೀಲನೆ ಲೆಕ್ಕ ಕೊಟ್ಟಿತು. 2016ರಲ್ಲಿ ಅಮೆರಿಕದ ವೈದ್ಯರು ಇನ್ನೊಂದು ಸಂಗತಿ ತೋರಿಸಿಕೊಟ್ಟರು. ಗುರುತು ಉಳಿಯದ ಮಕ್ಕಳಿಗೆ ಔಷಧ ಶುರುವಾಗುವ ಮೊದಲು ಜ್ವರ ಇದ್ದದ್ದು ಸಾಮಾನ್ಯವಾಗಿ 48 ಗಂಟೆ, ಗುರುತು ಉಳಿದ ಮಕ್ಕಳಿಗೆ 72 ಗಂಟೆ. ನಡುವೆ ಇರುವುದು ಒಂದೇ ದಿನ. ಹಲ್ಲಿನ ಜ್ವರ ಎಂದು ನಾವು ಕಳೆದ ದಿನ ಅದು. ಮೂತ್ರದ ಸೋಂಕಾದ ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಉಚ್ಚೆ ಚೀಲದಿಂದ ಕಿಡ್ನಿಯ ಕಡೆಗೆ ಹಿಂದಿರುಗಿ ಹರಿಯುವ ದೋಷ ಇರುವುದುಂಟು. ಅಂಥ ಮಗುವಿಗೆ ಸೋಂಕು ಮೇಲಿಂದ ಮೇಲೆ ಬರಬಹುದು, ಪ್ರತಿ ಸಲವೂ ಅದನ್ನು ಉಷ್ಣ ಎಂದು ಬಾರ್ಲಿ ನೀರಿನಲ್ಲಿ ತಣಿಸುತ್ತೇವೆ. ಮಗು ಮೇಲ್ನೋಟಕ್ಕೆ ಚೇತರಿಸಿಕೊಳ್ಳುತ್ತದೆ, ಆಡುತ್ತದೆ, ಶಾಲೆಗೆ ಹೋಗುತ್ತದೆ. ಹದಿನೈದು ಇಪ್ಪತ್ತು ವರ್ಷಗಳ ನಂತರ ಆ ಹುಡುಗಿ ಬಸುರಿಯಾದಾಗ ಬಿ.ಪಿ. ಏಕೆ ಏರಿತು ಎಂದು ತಲೆಯ ಮೇಲೆ ಕೈ ಹೊತ್ತು ಕೂರುತ್ತೇವೆ. ಆಗ ಯಾರಿಗೂ ಆ ಮೂರು ದಿನ ನೆನಪಿರುವುದಿಲ್ಲ.

ಹೀಗೆ ನೋಡದೆ ಬಿಡಲು ನಮಗೆ ದೊಡ್ಡ ಯಂತ್ರದ ಕೊರತೆ ಇತ್ತೇ? ಇಲ್ಲ. ಮೂತ್ರದಲ್ಲಿ ಸೂಕ್ಷ್ಮಜೀವಿಗಳ ಸುಳಿವು ಕೊಡುವ ರಾಸಾಯನಿಕ ಕ್ರಿಯೆಯನ್ನು ಪೀಟರ್ ಗ್ರೀಸ್ ಎಂಬ ಜರ್ಮನ್ ಮೂಲದ ರಸಾಯನಶಾಸ್ತ್ರಜ್ಞ 1879ರಲ್ಲಿ ಪ್ರಕಟಿಸಿದ. ಇಂಗ್ಲೆಂಡಿನ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು ಆತ. ಮೂತ್ರದಲ್ಲಿ ಸಹಜವಾಗಿ ಇರುವ ನೈಟ್ರೇಟನ್ನು ಇ-ಕೋಲಿಯಂಥ ಜೀವಿಗಳು ನೈಟ್ರೈಟ್ ಆಗಿ ಮಾಡುತ್ತವೆ, ಆ ನೈಟ್ರೈಟ್ ಸಿಕ್ಕರೆ ಬಣ್ಣ ಗುಲಾಬಿಗೆ ತಿರುಗುತ್ತದೆ. ಇಂದು ಮೂತ್ರ ಪರೀಕ್ಷಿಸುವ ಪ್ಲಾಸ್ಟಿಕ್ ಪಟ್ಟಿಯ ಮೇಲಿನ ಒಂದು ಚೌಕದಲ್ಲಿ ಕೂತಿರುವುದು ಅದೇ ತತ್ವ. ಇನ್ನೊಂದು ಚೌಕ ಬಿಳಿ ರಕ್ತಕಣಗಳ ಗುರುತು ಹಿಡಿಯುತ್ತದೆ, ಅಂದರೆ ಕೀವಿನ ಸುಳಿವು. ಆಗತಾನೆ ಹೊಯ್ದ ಉಚ್ಚೆಯಲ್ಲಿ ಪಟ್ಟಿಯನ್ನು ಅದ್ದಿ ತೆಗೆದು, ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಬೇಕು. ನೈಟ್ರೈಟಿಗೆ ಒಂದು ನಿಮಿಷ, ಬಿಳಿಕಣಕ್ಕೆ ಎರಡು ನಿಮಿಷ. ಪಟ್ಟಿಯ ಬೆಲೆ ಬಸ್ ಸ್ಟ್ಯಾಂಡಿನ ಒಂದು ಲೋಟ ಚಹಾದ ಆಸುಪಾಸು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಕೊಟ್ಟ ಲೆಕ್ಕದಂತೆ, ನಿಜವಾಗಿ ಸೋಂಕಿರುವ ನೂರು ಮಕ್ಕಳಲ್ಲಿ ಈ ಎರಡು ಚೌಕಗಳಲ್ಲಿ ಒಂದಾದರೂ ಬಣ್ಣ ತಿರುಗುವುದು 93 ಮಕ್ಕಳಲ್ಲಿ. ಸೋಂಕಿಲ್ಲದ ಮಗುವಿನಲ್ಲಿ ನೈಟ್ರೈಟ್ ಚೌಕ ಸುಳ್ಳು ಹೇಳುವುದು ನೂರರಲ್ಲಿ ಎರಡು ಸಲ. ಜ್ವರದ ಕೂಸಿಗೆ ನಾವು ಕಣ್ಣುಮುಚ್ಚಿ ಮಾಡಿಸುವ ವಿಡಾಲ್ 1896ರದ್ದು. ಒಂದೇ ಸಲದ ವಿಡಾಲ್ ನೋಡಿ ಟೈಫಾಯಿಡ್ ಎಂದು ತೀರ್ಮಾನಿಸುವಂತಿಲ್ಲ ಎಂದು ಓದಿದ ವೈದ್ಯರೆಲ್ಲರಿಗೂ ಗೊತ್ತು. ಗೊತ್ತಿದ್ದೂ ಬರೆಯುತ್ತಾರೆ, ಏಕೆಂದರೆ ರಕ್ತ ಸೂಜಿಯಿಂದ ಒಂದು ಗಳಿಗೆಯಲ್ಲಿ ಸಿಗುತ್ತದೆ, ಉಚ್ಚೆಗೆ ಕಾಯಬೇಕು.

ಈ ಪಟ್ಟಿಯೇ ಸರ್ವಸ್ವ ಎಂದು ಹೇಳುವುದು ಇನ್ನೊಂದು ಬಗೆಯ ಸೋಮಾರಿತನ. ನೈಟ್ರೈಟ್ ಹುಟ್ಟಬೇಕಾದರೆ ಉಚ್ಚೆ ಚೀಲದಲ್ಲಿ ನಾಲ್ಕು ಗಂಟೆಯಾದರೂ ನಿಂತಿರಬೇಕು. ಗಂಟೆಗೊಮ್ಮೆ ಹೊಯ್ಯುವ ಎಳೆಗೂಸಿನಲ್ಲಿ ಸೋಂಕಿದ್ದರೂ ಆ ಚೌಕ ಬಣ್ಣ ತಿರುಗದೆ ಹೋಗಬಹುದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಪಟ್ಟಿಯನ್ನು ನಂಬಿ ಮನೆಯಲ್ಲಿ ಕೂರುವಂತಿಲ್ಲ, ಅದು ನೇರ ದೊಡ್ಡ ಆಸ್ಪತ್ರೆಯ ವಿಷಯ, ಅಲ್ಲಿ ಮೂತ್ರದ ಜೀವಿಗಳನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಆಗಲೇಬೇಕು. ದೊಡ್ಡ ಮಕ್ಕಳಲ್ಲೂ ಪಟ್ಟಿಯ ಬಣ್ಣ ತಿರುಗಿದರೆ ಔಷಧಿಯ ಮೊದಲ ಚಮಚ ಬಾಯಿಗೆ ಹೋಗುವ ಮುನ್ನ ಅದೇ ಉಚ್ಚೆ ಕಲ್ಚರಿಗೆ ಹೋಗಬೇಕು. ಯಾವ ಜೀವಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ಹೇಳುವುದು ಕಲ್ಚರ್ ಮಾತ್ರ. ಪಟ್ಟಿ ಹೇಳುವುದು ಇಷ್ಟೇ: ಇಲ್ಲಿ ನೋಡು, ಇವತ್ತೇ ನೋಡು.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಮಾತಿಗೆ ಬರುತ್ತೇನೆ. ಕೂಸಿನ ಉಚ್ಚೆ ಹಿಡಿಯುವುದು ಬಲು ಕಷ್ಟ, ಅದಕ್ಕೇ ಯಾರೂ ಮಾಡಿಸುವುದಿಲ್ಲ ಎನ್ನುತ್ತಾರೆ. ಯಾರ ಮನೆಯಲ್ಲಿ ಈ ಮಾತು? ನಮ್ಮ ಅಜ್ಜಿಯರು ಅಂಗಳದಲ್ಲಿ ಎರಡೂ ಕಾಲು ಚಾಚಿ ಕೂತು, ಪಾದಗಳ ನಡುವೆ ಕೂಸನ್ನು ಕೂರಿಸಿ, ಬೆನ್ನಿಗೆ ಕೈ ಕೊಟ್ಟು, "ಶ್ಶ್" ಎಂದು ಸದ್ದು ಮಾಡಿ ಉಚ್ಚೆ ಹೊಯ್ಯಿಸುತ್ತಿದ್ದರು. ಎದ್ದ ಕೂಡಲೇ ಒಮ್ಮೆ, ಮೊಲೆ ಕುಡಿದ ಮೇಲೆ ಒಮ್ಮೆ, ನೀರು ಹಾಕುವ ಮೊದಲು ಒಮ್ಮೆ. ಕೂಸು ಯಾವಾಗ ಹೊಯ್ಯುತ್ತದೆಂದು ಅದರ ಮುಖ ನೋಡಿ ಅವರಿಗೆ ಗೊತ್ತಾಗುತ್ತಿತ್ತು. ಧಾರೆ ನೆಟ್ಟಗೆ ಬಂತೇ, ಹನಿ ಹನಿಯಾಗಿ ಬಂತೇ, ಬಣ್ಣ ಏನು, ವಾಸನೆ ಏನು, ಹೊಯ್ಯುವಾಗ ಅತ್ತಿತೇ, ಎಲ್ಲವೂ ಅವರ ಕಣ್ಣೆದುರು ನಡೆಯುತ್ತಿತ್ತು. ಗಂಡುಕೂಸಿನ ಧಾರೆ ಚಿಮ್ಮದೆ ಬರಿದೆ ಸೋರುತ್ತಿದ್ದರೆ ಮೂತ್ರನಾಳದಲ್ಲಿ ಹುಟ್ಟಿನಿಂದಲೇ ತಡೆ ಇರಬಹುದು, ಅದನ್ನು ಬಿಟ್ಟರೆ ಎರಡೂ ಕಿಡ್ನಿ ಹಾಳಾಗುತ್ತವೆ ಎಂದು ಇಂದಿನ ಶಸ್ತ್ರವೈದ್ಯರು ಹೇಳುತ್ತಾರೆ. ಆ ಧಾರೆಯನ್ನು ದಿನಕ್ಕೆ ಹತ್ತು ಸಲ ನೋಡುತ್ತಿದ್ದವರು ಮನೆಯಲ್ಲೇ ಇದ್ದರು. ಅವರಿಗೆ ಪಟ್ಟಿ ಗೊತ್ತಿರಲಿಲ್ಲ, ಕಲ್ಚರ್ ಗೊತ್ತಿರಲಿಲ್ಲ, ಎಷ್ಟೋ ಕೂಸುಗಳನ್ನು ಅವರು ಮಣ್ಣಿಗೂ ಕೊಟ್ಟರು. ಆ ಕಾಲ ಒಳ್ಳೆಯದಿತ್ತು ಎಂದು ನಾನು ಹೇಳಲಾರೆ. ಅವರ ಬಳಿ ಕಣ್ಣಿತ್ತು, ಸಾಧನವಿರಲಿಲ್ಲ. ನಮ್ಮ ಬಳಿ ಸಾಧನವಿದೆ, ಕಣ್ಣನ್ನು ನಾವೇ ಮುಚ್ಚಿಕೊಂಡಿದ್ದೇವೆ.

2013ರಲ್ಲಿ ಮ್ಯಾಡ್ರಿಡ್‌ನ ವೈದ್ಯರು ಎಂಬತ್ತು ನವಜಾತ ಶಿಶುಗಳ ಮೇಲೆ ಉಚ್ಚೆ ಹೊಯ್ಯಿಸುವ ಒಂದು ವಿಧಾನ ಮಾಡಿ ನೋಡಿದರು. ಕೂಸಿಗೆ ಹಾಲು ಕುಡಿಸಿ, ಕಂಕುಳ ಕೆಳಗೆ ಕೈಕೊಟ್ಟು ಎತ್ತಿ ಹಿಡಿದು, ಕಿಬ್ಬೊಟ್ಟೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಸೊಂಟದ ಹಿಂಭಾಗವನ್ನು ನೀವಿದರು. ನೂರಕ್ಕೆ 86 ಕೂಸುಗಳು ಐದು ನಿಮಿಷದೊಳಗೆ ಉಚ್ಚೆ ಹೊಯ್ದವು. 2017ರಲ್ಲಿ ಮೆಲ್ಬರ್ನ್‌ನ ವೈದ್ಯರು ತಣ್ಣನೆಯ ಸಲೈನಿನಲ್ಲಿ ಅದ್ದಿದ ಬಟ್ಟೆಯಿಂದ ಕಿಬ್ಬೊಟ್ಟೆ ಉಜ್ಜಿದರು. ಸುಮ್ಮನೆ ಕಾಯ್ದಾಗ ಐದು ನಿಮಿಷದಲ್ಲಿ ಹೊಯ್ದವು ನೂರರಲ್ಲಿ 12 ಕೂಸು, ಉಜ್ಜಿದಾಗ 31. ಇವು ಜಗತ್ತಿನ ದೊಡ್ಡ ವೈದ್ಯಕೀಯ ಪತ್ರಿಕೆಗಳಲ್ಲಿ ಹೊಸ ವಿದ್ಯೆಯಾಗಿ ಅಚ್ಚಾದವು. ಸಿರುಗುಪ್ಪ ಸೀಮೆಯ ಯಾವ ಅಜ್ಜಿಗೆ ಓದಿ ಹೇಳಿದರೂ ಇದರಲ್ಲಿ ಹೊಸದೇನು ಎಂದು ಕೇಳಿಯಾಳು. ಸ್ನಾನದ ತಣ್ಣೀರು ಹೊಟ್ಟೆಗೆ ತಾಗಿದರೆ ಕೂಸು ಹೊಯ್ಯುತ್ತದೆಂದು ಆಕೆಗೆ ಗೊತ್ತು. ಕೈಯಲ್ಲಿದ್ದ ವಿದ್ಯೆಯನ್ನು ತಿಪ್ಪೆಗೆ ಹಾಕಿ, ಅದರ ಜಾಗಕ್ಕೆ ಹನ್ನೆರಡು ಗಂಟೆ ಬಿಚ್ಚದ ಡೈಪರನ್ನು ತಂದುಕೊಂಡೆವು. ಎಲ್ಲರ ತಪ್ಪು ಒಂದೇ ತೂಕದ್ದಲ್ಲ. ನಾಟಿಗೆ ಹೋಗುವ ಕೂಲಿ ಹೆಂಗಸು, ಬಳ್ಳಾರಿಯ ಜೀನ್ಸ್ ಹೊಲಿಗೆಗೆ ಕೂತ ತಾಯಿ ಕೂಸಿಗೆ ಡೈಪರ್ ಕಟ್ಟಿದರೆ ಅವಳ ಮೇಲೆ ನನಗೆ ಸಿಟ್ಟಿಲ್ಲ, ಆಕೆಯ ಕೂಲಿಯ ಹೊತ್ತನ್ನು ನಾವು ಯಾರೂ ತುಂಬಿಕೊಟ್ಟಿಲ್ಲ. ಆದರೆ ಮನೆಯಲ್ಲಿ ನಾಲ್ಕು ಜನ ಇದ್ದು, ನಾಲ್ವರ ಕೈಯಲ್ಲೂ ಮೊಬೈಲಿದ್ದು, ಬೆಳಿಗ್ಗೆ ಕಟ್ಟಿದ ಡೈಪರನ್ನು ಸಂಜೆಗೆ ಬಿಚ್ಚುವ ಮನೆಗಳಿಗೆ ಯಾವ ಕ್ಷಮೆ? ಜ್ವರ ಎಷ್ಟು ದಿನದಿಂದ ಎಂದರೆ ಹೇಳುತ್ತಾರೆ. ಇವತ್ತು ಕೂಸು ಎಷ್ಟು ಸಲ ಹೊಯ್ದಿದೆ ಎಂದು ಕೇಳಿ ನೋಡಿ. ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಉಚ್ಚೆ ನೋಡದಿರುವುದು ಮೊದಲ ಪಾಪವಾದರೆ, ಎರಡನೆಯ ಪಾಪ ಅವಸರದ ಔಷಧಿ. "ಒಂದ್ ಸೂಜಿ ಮಾಡ್ರಿ ಸಾರ್, ನಾಳಿ ಕೆಲಸಕ್ಕ ಹೋಗ್ಬೇಕು" ಎಂದು ಕೇಳುವವರು ನಾವೇ. ಸೂಜಿ ಹಾಕದ ಡಾಕ್ಟರನ್ನು ಕೈಲಾಗದವನೆಂದು ಬಿಟ್ಟು ಮುಂದಿನ ಬಾಗಿಲಿಗೆ ಹೋಗುವವರೂ ನಾವೇ. ಸಿಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್ ಔಷಧಿಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದಕ್ಕೆ ಬೇರೆ ಪುಸ್ತಕದಲ್ಲಿ ಲೆಕ್ಕ ಬರೆಯಬೇಕು ಎಂಬ ಎಚ್-1 ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2014ರ ಮಾರ್ಚ್ 1ರಂದು. ಹತ್ತು ವರ್ಷ ದಾಟಿತು. ಇವತ್ತಿಗೂ "ಸಣ್ಣ ಕೂಸಿಗೆ ಜ್ವರಕ್ಕ ಏನಾರ ಕೊಡ್ರಿ" ಎಂದರೆ ಕೊಡುವ ಅಂಗಡಿಗಳಿವೆ, ಬಿಲ್ಲು ಕೇಳದೆ ಒಯ್ಯುವ ನಾವಿದ್ದೇವೆ. ಉಚ್ಚೆ ನೋಡುವ ಮೊದಲು ಆ್ಯಂಟಿಬಯಾಟಿಕ್ ಕುಡಿಸಿದರೆ ಎರಡು ಚಮಚದಲ್ಲೇ ಮೂತ್ರ ಕಲ್ಚರಿಗೆ ನಿರುಪಯೋಗಿಯಾಗಬಹುದು. ಸೋಂಕು ಸಾಯುವುದಿಲ್ಲ, ಅಡಗುತ್ತದೆ. ಜ್ವರ ಇಳಿದೊಡನೆ ಉಳಿದ ಸಿರಪ್ಪನ್ನು ಗೂಡಿನಲ್ಲಿಟ್ಟು ಮುಂದಿನ ಜ್ವರಕ್ಕೆ ತೆಗೆಯುತ್ತೇವೆ. ಅರ್ಧ ಕೊಂದು ಅರ್ಧ ಉಳಿಸಿದ ಜೀವಿಗಳು ಔಷಧಿಗೆ ಒಗ್ಗಿಕೊಂಡು ಮರಳಿ ಬಂದಾಗ, ಬಾಯಿಯಿಂದ ಕುಡಿಯುವ ಔಷಧಿ ನಾಟದೆ ಹೋಗಬಹುದು. ಆಗ ಕೂಸನ್ನು ಎತ್ತಿಕೊಂಡು ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬಳ್ಳಾರಿಗೆ ಓಡುತ್ತೇವೆ. 1961ರಲ್ಲಿ ಶುರುವಾಗಿ, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ನಾವು ಕೈಯಾರೆ ಕೆಡಿಸಿದ ಕಾಯಿಲೆಯನ್ನು ಒಪ್ಪಿಸಲು.

ಸರ್ಕಾರಿ ಆರೋಗ್ಯ ವ್ಯವಸ್ಥೆಯ ಲೋಪ ಬೇರೆ ಬಗೆಯದು. ಬಸುರಿ ಹೆಂಗಸು ಉಪಕೇಂದ್ರಕ್ಕೆ ಬಂದರೆ ಆಕೆಯ ಮೂತ್ರವನ್ನು ಪಟ್ಟಿಯಲ್ಲಿ ನೋಡುತ್ತಾರೆ, ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಅದು ಒಳ್ಳೆಯ ಕೆಲಸ, ಅದರಿಂದ ಬದುಕಿದ ತಾಯಂದಿರು ಬಹಳ. ಆದರೆ ಆ ಪಟ್ಟಿ ನೋಡುವುದು ಸಕ್ಕರೆ ಮತ್ತು ಅಲ್ಬುಮಿನ್ ಎರಡನ್ನೇ. ಬಿಳಿಕಣ ಮತ್ತು ನೈಟ್ರೈಟ್ ನೋಡುವ ಹತ್ತು ಚೌಕದ ಪಟ್ಟಿ ಬೇರೆ. ತಾಯಿಯ ಹೊಟ್ಟೆಯಲ್ಲಿರುವ ತನಕ ಮೂತ್ರ ನೋಡಿದ ವ್ಯವಸ್ಥೆ, ಕೂಸು ಹೊರಗೆ ಬಂದು ಜ್ವರದಲ್ಲಿ ಬೇಯುವಾಗ ಅದರ ಮೂತ್ರವನ್ನು ಮರೆಯುತ್ತದೆ. ಹತ್ತು ಚೌಕದ ಪಟ್ಟಿ ಇರುವ ಕಡೆಯಾದರೂ ಅದನ್ನು ಇಟ್ಟುಕೊಳ್ಳುವ ರೀತಿ ಗಮನಿಸಬೇಕು. ಪಟ್ಟಿಯ ಡಬ್ಬಿಯನ್ನು 30 ಡಿಗ್ರಿಗಿಂತ ಕೆಳಗೆ, ಒಣಗಿದ ಜಾಗದಲ್ಲಿ, ಬಿಗಿಯಾಗಿ ಮುಚ್ಚಳ ಹಾಕಿ ಇಡಬೇಕೆಂದು ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಬಳ್ಳಾರಿ ಜಿಲ್ಲೆಯ ಬೇಸಿಗೆ 40 ದಾಟುತ್ತದೆ. ಕಿಟಕಿಯ ಪಕ್ಕ ಮುಚ್ಚಳ ತೆರೆದಿಟ್ಟ ಡಬ್ಬಿಯ ಪಟ್ಟಿ ಗಾಳಿಯ ತೇವ ಕುಡಿದು ಕೆಟ್ಟು, ಸೋಂಕಿಲ್ಲದ ಮೂತ್ರಕ್ಕೂ ಗುಲಾಬಿ ಬಣ್ಣ ತೋರಿಸಬಲ್ಲದು. ಕಲ್ಚರಿನ ಮೂತ್ರದ ಗತಿಯೂ ಹೀಗೆಯೇ. ಹೊಯ್ದ ಒಂದು ಗಂಟೆಯೊಳಗೆ ಅದು ಲ್ಯಾಬು ಮುಟ್ಟಬೇಕು, ಇಲ್ಲವಾದರೆ 4 ಡಿಗ್ರಿಯ ಫ್ರಿಜ್ಜಿನಲ್ಲಿರಬೇಕು. ಕೂಸಿಗೆ ಅಂಟುಚೀಲ ಕಟ್ಟಿ, ಚರ್ಮದ ಕೊಳೆಯನ್ನೆಲ್ಲ ಕೂಡಿಸಿಕೊಂಡ ಉಚ್ಚೆಯನ್ನು ಮಧ್ಯಾಹ್ನದ ತನಕ ಮೇಜಿನ ಮೇಲಿಟ್ಟು, ಆಮೇಲೆ ಬಂದ ವರದಿಯ ಮೇಲೆ ಹತ್ತು ದಿನದ ಔಷಧಿ ಬರೆಯುವುದು ಪರೀಕ್ಷೆಯ ಹೆಸರಿನ ಅಪಚಾರ. ಅಂಟುಚೀಲದ ಉಚ್ಚೆಯಲ್ಲಿ ಏನೂ ಕಾಣದಿದ್ದರೆ ನಂಬಬಹುದು, ಕಂಡರೆ ಮತ್ತೆ ಶುದ್ಧವಾಗಿ ಹಿಡಿದೇ ನೋಡಬೇಕು. ಇದು ಪಠ್ಯಪುಸ್ತಕದ ಮೊದಲ ಪಾಠ. ಇದನ್ನು ಕಲಿತು ಬಂದವರೇ ಕುರ್ಚಿಯಲ್ಲಿ ಕೂತಿದ್ದಾರೆ.

ಕೂಸು ಬೆಳೆದು ಶಾಲೆಗೆ ಹೋದರೆ ನಮ್ಮ ಉಪೇಕ್ಷೆಯೂ ಅದರ ಜೊತೆ ಶಾಲೆಗೆ ಹೋಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟ ಹುಡುಗಿ ಸಂಜೆ ಐದರ ತನಕ ಉಚ್ಚೆ ಕಟ್ಟಿಕೊಂಡು ಕೂರುತ್ತಾಳೆ. ಶಾಲೆಯ ಶೌಚಾಲಯಕ್ಕೆ ಬೀಗ, ಬೀಗವಿಲ್ಲದಿದ್ದರೆ ನೀರಿಲ್ಲ, ನೀರಿದ್ದರೆ ಚಿಲಕವಿಲ್ಲ. ಹೊಯ್ಯುವ ಜಾಗವಿಲ್ಲವೆಂದು ಆಕೆ ನೀರನ್ನೇ ಕುಡಿಯುವುದಿಲ್ಲ, ತಂದ ಬಾಟ್ಲಿ ಹಾಗೇ ಮನೆಗೆ ಮರಳುತ್ತದೆ. 40 ಡಿಗ್ರಿಯ ಬಿಸಿಲು, ಖಾಲಿಯಾಗದ ಮೂತ್ರಚೀಲ, ಅದರ ಜೊತೆ ಮಲಬದ್ಧತೆ. ಸೋಂಕಿಗೆ ಇದಕ್ಕಿಂತ ಹದವಾದ ಹೊಲ ಬೇಕೇ? 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಂತು, ಸಿರುಗುಪ್ಪದ ಕರಿನೆಲ ಭತ್ತದ ಕಣಜವಾಯಿತು. ಮಣ್ಣಿನ ಮಾಳಿಗೆ ಮನೆಗಳು ಹೋಗಿ ಮಹಡಿ ಮನೆಗಳು ಬಂದವು. ನೂರಾರು ಮೈಲಿಯ ಕಾಲುವೆಯಲ್ಲಿ ಎರಡು ಬೆಳೆಗೆ ನೀರು ಹರಿಸಿಕೊಂಡ ನಾವು, ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಯ ತನಕ ಇಪ್ಪತ್ತು ಅಡಿ ಪೈಪು ಎಳೆಯಲಿಲ್ಲ. ಕಾಲುವೆಗೆ ನೀರು ತಡವಾದರೆ ರಸ್ತೆ ತಡೆದು ಕೂರುತ್ತೇವೆ. ಶಾಲೆಯ ಟ್ಯಾಂಕು ವರ್ಷಗಟ್ಟಲೆ ಬತ್ತಿದ್ದರೂ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಬಾಯಿ ತೆರೆಯುವುದಿಲ್ಲ.

ಬಾಯಿ ತೆರೆಯದಿರಲು ಇನ್ನೊಂದು ಕಾರಣವಿದೆ, ಅದನ್ನು ಹೇಳದೆ ಬಿಟ್ಟರೆ ನಾನೂ ಅದೇ ಸಾಲಿನಲ್ಲಿ ನಿಂತಂತೆ. ಹೆಣ್ಣುಕೂಸಿಗೆ "ಮೂತ್ರದ ರೋಗ" ಎಂಬ ಮಾತು ಓಣಿಗೆ ಗೊತ್ತಾಗಬಾರದು. ಉಚ್ಚೆ ಉರಿಯುತ್ತದೆಂದ ಏಳು ವರ್ಷದ ಹುಡುಗಿಗೆ "ಸುಮ್ನಿರು, ಹಂಗೆಲ್ಲ ಹೇಳಬಾರದು" ಎಂದು ಗದರುತ್ತೇವೆ. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಚಾಳಿ ಮತ್ತೆ ಶುರುವಾದರೆ ಹೊಡೆಯುತ್ತೇವೆ. ಸೋಂಕಿನ ಲಕ್ಷಣಕ್ಕೆ ಪೆಟ್ಟು ಕೊಡುವ ನಾವು ಯಾವ ಸೀಮೆಯ ತಂದೆತಾಯಿಗಳು? ಚರಕ, ಸುಶ್ರುತರ ಕಾಲದಲ್ಲೇ ಈ ಬಾಧೆಗೆ ಮೂತ್ರಕೃಚ್ಛ್ರ ಎಂದು ಹೆಸರಿಟ್ಟು, ಬಗೆಗಳನ್ನು ಎಣಿಸಿ, ಬಾಯಿಬಿಟ್ಟು ಚರ್ಚಿಸಿದ ನಾಡು ಇದು. ಮಗುವಿನ ಒಂದು ಲೋಟ ಉಚ್ಚೆಯಲ್ಲಿ ನಾಚಿಕೆಯನ್ನು ಕಂಡವರು ನಾವೇ.

2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಎದ್ದು ನಿಂತು ಪ್ರಶ್ನೆ ಕೇಳಿತು. ಕೇಳಬೇಕಾದದ್ದೇ. ನರಕ್ಕೆ ಏರಿಸಿದ ಐ.ವಿ. ದ್ರಾವಣದ ಗುಣಮಟ್ಟದ ಬಗ್ಗೆ ಹಳ್ಳಿಯ ಕಟ್ಟೆಯ ಮೇಲೂ ಮಾತಾಯಿತು. ಸಾವು ಕಣ್ಣಿಗೆ ಬಿದ್ದರೆ ನಮಗೆ ಕೋಪ ಬರುತ್ತದೆ. ಕೂಸಿನ ಕಿಡ್ನಿಯ ಒಂದು ಮೂಲೆ ಸತ್ತರೆ ಹೆಣ ಏಳುವುದಿಲ್ಲ, ಧರಣಿ ನಡೆಯುವುದಿಲ್ಲ, ಮಂತ್ರಿ ಬರುವುದಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರು ಮಾಡಿತು. ವಾರಕ್ಕೆ ಎರಡು ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಯಂತ್ರಕ್ಕೆ ತೋಳು ಕೊಟ್ಟು ಮಲಗುವವರ ಸಾಲು ಅಲ್ಲಿದೆ. ಆ ಸಾಲಿನಲ್ಲಿ ಎಲ್ಲರೂ ಸಕ್ಕರೆ ಕಾಯಿಲೆಯ ಮುದುಕರಲ್ಲ. ಮಲಗಿದ ಪ್ರಾಯದ ಹುಡುಗರಲ್ಲಿ ಕೆಲವರ ಕಿಡ್ನಿ ಹಾಳಾಗಲು ಶುರುವಾದದ್ದು ತೊಟ್ಟಿಲಲ್ಲಿ. ಯಂತ್ರಕ್ಕೆ ರಿಬ್ಬನ್ ಕತ್ತರಿಸಲು ನಾವು ಹಾರ ಹಿಡಿದು ಹೋಗುತ್ತೇವೆ. ಚಹಾದ ಬೆಲೆಯ ಪಟ್ಟಿಗೆ ಗ್ರಾಮಸಭೆಯಲ್ಲಿ ಒಂದು ಅರ್ಜಿ ಕೊಟ್ಟಿಲ್ಲ.

ಕೊಡಬೇಕಾದ ಅರ್ಜಿ ಬಹಳ ಸಣ್ಣದು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಳಿಕಣ ಮತ್ತು ನೈಟ್ರೈಟ್ ನೋಡುವ ಪಟ್ಟಿ, ಅದನ್ನು ಇಡಲು ಬಿಸಿಲು ತಾಗದ ಬೀರು. ಕಾರಣ ಕಾಣದ ಜ್ವರದ ಎರಡು ವರ್ಷದೊಳಗಿನ ಕೂಸಿಗೆ ಔಷಧಿ ಬರೆಯುವ ಮೊದಲು ಉಚ್ಚೆ ನೋಡಿದ್ದೇವೆಂದು ಚೀಟಿಯ ಮೇಲೆ ಒಂದು ಸಾಲು. ಪಟ್ಟಿಯ ಬಣ್ಣ ತಿರುಗಿದರೆ ಕಲ್ಚರಿಗೆ ತಾಲ್ಲೂಕು ಆಸ್ಪತ್ರೆಗೆ ಐಸ್ ಡಬ್ಬದಲ್ಲಿ ಮೂತ್ರ ಕಳಿಸುವ ಏರ್ಪಾಡು. ಲಸಿಕೆಗೆ ಐಸ್ ಡಬ್ಬ ಹೊತ್ತು ವೇದಾವತಿಯ ದಂಡೆಯ ಹಳ್ಳಿಗಳಿಗೆ ನಡೆದುಹೋದ ಆರೋಗ್ಯ ಕಾರ್ಯಕರ್ತೆಯರಿಗೆ ಇದು ಅಸಾಧ್ಯದ ಕೆಲಸವಲ್ಲ. ತಂದೆಯ ಪಾಲಿಗೂ ಕೆಲಸವಿದೆ. ಕೂಸಿನ ಮೈ ಕಾದ ದಿನವೇ ಡೈಪರ್ ಬಿಚ್ಚಿ ಹತ್ತಿಯ ಬಟ್ಟೆ ಹಾಕುವುದು, ಎಷ್ಟು ಸಲ ಹೊಯ್ಯಿತು ಎಂದು ಎಣಿಸುವುದು, ಆಸ್ಪತ್ರೆಯಲ್ಲಿ ರಕ್ತದ ಚೀಟಿ ಬರೆಯುವಾಗ ಉಚ್ಚೆಯನ್ನೂ ಬರೆಯಿರಿ ಎಂದು ಬಾಯಿಬಿಟ್ಟು ಕೇಳುವುದು.

ಮತ್ತು ಅಜ್ಜಿ. ಕೂಸಿನ ಜೊತೆ ಆಸ್ಪತ್ರೆಗೆ ಬಂದು, "ನಿನಗೇನ್ ತಿಳೀತೈತಿ, ಹೊರಗ ಕೂಡು" ಎನ್ನಿಸಿಕೊಂಡು ಗೇಟಿನ ಬಳಿ ಬೇವಿನ ಮರದ ಕೆಳಗೆ ಕೂತಿರುತ್ತಾಳೆ. ಆಕೆಯನ್ನು ಒಳಗೆ ಕರೆಯಬೇಕು. ವರಾಂಡದಲ್ಲಿ ನೆರಳಿನ ಜಾಗ ಕೊಟ್ಟು, ಕೂಸಿನ ಅಡಿಯನ್ನು ಸೋಪು ನೀರಿನಿಂದ ತೊಳೆದು, ಆಕೆಯ ಚಾಚಿದ ಕಾಲುಗಳ ನಡುವೆ ಕೂರಿಸಿ, ಪಕ್ಕದಲ್ಲಿ ನರ್ಸಮ್ಮ ಶುದ್ಧವಾದ ಡಬ್ಬಿ ಹಿಡಿದು ನಿಲ್ಲಬೇಕು. ಮೊದಲ ಧಾರೆ ನೆಲಕ್ಕೆ, ನಡುವಿನ ಧಾರೆ ಡಬ್ಬಿಗೆ. ಆಕೆ "ಶ್ಶ್" ಎನ್ನುತ್ತಾಳೆ. ಆಮೇಲೆ ಎರಡು ನಿಮಿಷ.